ಒಂಬತ್ತು ದಿನದ ಕೂಸಿಗೆ ನೀಲವ್ವ ಎಂದು ಹೆಸರಿಡಬಹುದೇ?

ನವನಗರದ ಅಪ್ಪ, ಬಾಗಲಕೋಟೆ:
ಮಗಳು ಹುಟ್ಟಿ ಒಂಬತ್ತು ದಿನವಾಯಿತು. ‘ನಿನ್ನ ಅಜ್ಜಿಯ ಹೆಸರನ್ನೇ ಇಡಬೇಕು, ಅವರೇ ತಿರುಗಿ ಬಂದಿದ್ದಾರೆ’ ಎಂದು ಅವ್ವ ಹಟ ಹಿಡಿದಿದ್ದಾಳೆ. ಅಜ್ಜಿಯ ಹೆಸರು ನೀಲವ್ವ. ಹೆಂಡತಿಗೆ ಕೇಳಿದೊಡನೆ ಕಣ್ಣಲ್ಲಿ ನೀರು. ‘ಹುಟ್ಟಿದ ದಿನವೇ ಕೂಸಿಗೆ ಎಂಬತ್ತು ವರ್ಷ ತುಂಬಿಸುತ್ತೀರಿ’ ಎನ್ನುತ್ತಾಳೆ. ಅವಳು ಮೊಬೈಲಿನಲ್ಲಿ ಹುಡುಕಿದ್ದು ನೈರಾ; ಅರ್ಥ ಕೇಳಿದರೆ ಒಂದೊಂದು ಕಡೆ ಒಂದೊಂದು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವುದಿದೆ. ನೀಲವ್ವ ಎಂದರೆ ಏನು? ಎಲ್ಲಿಂದ ಬಂತು? ಈಗ ಯಾರಾದರೂ ಇಡುತ್ತಾರೆಯೇ?

ಮುದ್ದೇಬಿಹಾಳದವ:
ಎಲ್ಲಿಂದ ಬಂತು ಎಂದು ಬಾಗಲಕೋಟೆಯವರು ಕೇಳಬಾರದು! ನಮ್ಮ ತಾಲ್ಲೂಕಿನ ತಂಗಡಗಿಗೆ ಒಮ್ಮೆ ಬನ್ನಿ, ಕೃಷ್ಣೆಯ ದಂಡೆಯಲ್ಲಿ ನೀಲಾಂಬಿಕೆಯ ಐಕ್ಯಸ್ಥಳವಿದೆ. ಬಸವಣ್ಣನವರ ಮಡದಿ, ‘ಸಂಗಯ್ಯ’ ಎಂಬ ಅಂಕಿತದಲ್ಲಿ ವಚನ ಬರೆದ ತಾಯಿ. ಕೂಡಲಸಂಗಮಕ್ಕೆ ಕರೆದುಕೊಂಡು ಬಾ ಎಂದು ಬಸವಣ್ಣನವರು ಹಡಪದ ಅಪ್ಪಣ್ಣನನ್ನು ಕಳುಹಿಸಿದಾಗ, ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ಕೇಳಿ ತಂಗಡಗಿಯಲ್ಲೇ ಉಳಿದಳು ಎಂಬುದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಕಥೆ. ಗಂಡ ಕರೆದರೂ ತನ್ನ ನಿಲುವು ಬಿಡದ ಹೆಣ್ಣಿನ ಹೆಸರು ಅದು. ಹಳೆಯದು ಎಂದು ಅಳುವುದೇಕೆ?

ಶಹಾಪುರ, ಬೆಳಗಾವಿ:
ಎಲ್ಲವನ್ನೂ ಶರಣರ ಲೆಕ್ಕಕ್ಕೆ ಬರೆಯಬೇಡಿ. ನೀಲಕಂಠನಿಂದಲೂ ನೀಲ ಬಂದಿರಬಹುದಲ್ಲ. ನಮ್ಮ ಓಣಿಯ ಮರಾಠಿ ಮನೆಗಳಲ್ಲಿ ನೀಲಾ ಎಂಬ ಅಜ್ಜಿಯರಿದ್ದಾರೆ, ಅವರಿಗೂ ತಂಗಡಗಿಗೂ ಏನು ಸಂಬಂಧ? ಇಳಕಲ್ ಸೀರೆಯ ನೀಲಿ ಬಣ್ಣದಿಂದ ಈ ಹೆಸರು ಬಂತು ಎಂದೂ ಒಬ್ಬರು ಹೇಳಿದ್ದು ಕೇಳಿದ್ದೇನೆ.

ನಿವೃತ್ತ ಕನ್ನಡ ಮಾಸ್ತರ, ಮುಧೋಳ:
ಸೀರೆಯ ಮಾತನ್ನು ಸೀರೆಯ ಅಂಗಡಿಯಲ್ಲೇ ಬಿಡೋಣ. ನೀಲ ಸಂಸ್ಕೃತದ ಶಬ್ದ. ನೀಲಿ ಬಣ್ಣವೊಂದೇ ಅದರ ಅರ್ಥವಲ್ಲ, ದಟ್ಟ ಕಪ್ಪನ್ನೂ ಅದು ಒಳಗೊಳ್ಳುತ್ತದೆ. ನೀಲಮೇಘ ಎಂದರೆ ಮಳೆ ಹೊತ್ತ ಕರಿಮೋಡ. ನೀಲಾಂಬಿಕೆಗೆ ನೀಲಲೋಚನೆ ಎಂಬ ಹೆಸರೂ ಇದೆ, ಕನ್ನೈದಿಲೆಯಂತಹ ಕಣ್ಣಿನವಳು ಎಂದು.

ಈಗ ತಂದೆಯವರಿಗೆ ಒಂದು ಪುಟ್ಟ ಪಾಠ. ನೀಲ + ಅಂಬಿಕೆ ಸೇರಿದರೆ ನೀಲಾಂಬಿಕೆ, ಸವರ್ಣದೀರ್ಘ ಸಂಧಿ. ನೀಲ + ಅವ್ವ ಸೇರಿದರೆ ನೀಲವ್ವ, ಲೋಪಸಂಧಿ. ಅಂಬಿಕೆ ಎಂದರೂ ತಾಯಿ, ಅವ್ವ ಎಂದರೂ ತಾಯಿ. ಒಂದೇ ಹೆಸರು ಸಂಸ್ಕೃತದ ಬಾಗಿಲಿನಿಂದ ಒಮ್ಮೆ, ಕನ್ನಡದ ಬಾಗಿಲಿನಿಂದ ಒಮ್ಮೆ ಮನೆಯೊಳಗೆ ಬಂದಿದೆ. ನೀಲಾಂಬಿಕಾ ಎಂದರೆ ಗೌರವ, ನೀಲವ್ವ ಎಂದರೆ ಹಳ್ಳಿ ಎನ್ನುವವರು ಬಾಗಿಲು ನೋಡಿ ಮನುಷ್ಯರನ್ನು ಅಳೆಯುವವರು.

ಅವ್ವ, ಅಬ್ಬೆ ಎಂಬವು ಹೆಸರಿನ ಕೊನೆಗೆ ನಿನ್ನೆ ಅಂಟಿದ್ದಲ್ಲ. ನಮ್ಮೂರಿನ ರನ್ನನ ತಾಯಿ ಅಬ್ಬಲಬ್ಬೆ. ಅವನಿಂದ ಅಜಿತಪುರಾಣವನ್ನು 993ರಲ್ಲಿ ಬರೆಸಿದವಳು ಅತ್ತಿಮಬ್ಬೆ. ರನ್ನ ತನ್ನ ಮಗಳಿಗೂ ಅತ್ತಿಮಬ್ಬೆ ಎಂದೇ ಹೆಸರಿಟ್ಟ. ಹಿರಿಯ ಹೆಣ್ಣೊಬ್ಬಳ ಹೆಸರನ್ನು ಕೂಸಿಗೆ ಇಡುವ ಚಾಳಿ ಈ ನೆಲದಲ್ಲಿ ಸಾವಿರ ವರ್ಷದಷ್ಟು ಹಳೆಯದು.

ಬೈಲಹೊಂಗಲದ ಸೊಸೆ:
ಮಾಸ್ತರರೇ, ಪಾಠ ಚೆನ್ನಾಗಿತ್ತು. ಆದರೆ ಹೆಸರನ್ನು ಹೊತ್ತು ತಿರುಗುವವರು ಯಾರು? ನನ್ನ ಹೆಸರೂ ‘ಅವ್ವ’ ಎಂದೇ ಮುಗಿಯುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿಯ ಇಂಗ್ಲಿಷಿನಲ್ಲಿ ಎರಡು ಡಬ್ಲ್ಯು, ಆಧಾರ್‌ನಲ್ಲಿ ಎರಡು ವಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದೇ ವಿ. ಮೂವರು ಬೇರೆ ಬೇರೆ ಹೆಂಗಸರಲ್ಲ, ನಾನೊಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಿ ಕೊಟ್ಟಿದ್ದೇನೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಇಪ್ಪತ್ತಮೂರು ವರ್ಷದ ನನ್ನನ್ನು ‘ಅವ್ವಾ, ಊಟ ಆಯಿತೇ?’ ಎಂದು ಕೇಳಿ ನಗುತ್ತಿದ್ದರು.

ತಂದೆಯವರಿಗೆ ಒಂದು ಪ್ರಶ್ನೆ. ಗಂಡು ಹುಟ್ಟಿದ್ದರೆ ನಿಮ್ಮ ಅಜ್ಜನ ಹೆಸರು ಇಡುತ್ತಿದ್ದಿರಾ? ನಮ್ಮ ಮನೆಯಲ್ಲಿ ಅಣ್ಣನ ಮಗ ಆರ್ಯನ್, ಅಕ್ಕನ ಮಗಳು ಮಾತ್ರ ಗಂಗವ್ವ. ಪರಂಪರೆ ಉಳಿಸುವ ಗುತ್ತಿಗೆ ಹೆಣ್ಣುಮಕ್ಕಳಿಗೆ ಮಾತ್ರವೇ?

ಮುದ್ದೇಬಿಹಾಳದವ:
ಅಕ್ಕಾ, ಗಂಗವ್ವನ ಹೆಸರನ್ನು ಹೀಗೆ ಬೇಸರದಿಂದ ಹೇಳಬೇಡಿ. ಬಸವಣ್ಣನವರ ಇನ್ನೊಬ್ಬ ಮಡದಿ ಗಂಗಾಂಬಿಕೆಯ ಐಕ್ಯಸ್ಥಳ ನಿಮ್ಮ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯಲ್ಲೇ ಇದೆ.

ಬೈಲಹೊಂಗಲದ ಸೊಸೆ:
ಗೊತ್ತು ತಮ್ಮಾ. ಮಲಪ್ರಭೆಗೆ ಹೋಗಿ ಕೈಮುಗಿದೇ ಬಂದಿದ್ದೇನೆ. ನಾನು ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ.

ಅಂಗನವಾಡಿ ಅಕ್ಕ, ಜಮಖಂಡಿ:
ನನ್ನ ಅವ್ವನ ಶಾಲೆಯಲ್ಲಿ ಮೂವರು ನೀಲವ್ವರಿದ್ದರಂತೆ: ದೊಡ್ಡ ನೀಲವ್ವ, ಸಣ್ಣ ನೀಲವ್ವ, ಗಿರಣಿ ನೀಲವ್ವ. ಈಗ ನನ್ನ ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಣ್ಣುಮಕ್ಕಳು, ಒಬ್ಬಳೂ ‘ಅವ್ವ’ ಇಲ್ಲ. ಆದರೆ ಆರಾಧ್ಯಾ ಮೂವರು! ಅವರನ್ನೂ ದೊಡ್ಡ, ಸಣ್ಣ, ಕಿರಾಣಿ ಅಂಗಡಿ ಎಂದೇ ಕರೆಯುತ್ತಿದ್ದೇನೆ.

ಇನ್ನೊಂದು ಮಾತು, ಹದಿಮೂರನೆಯ ದಿನಕ್ಕೇ ಎಲ್ಲವೂ ಮುಗಿಯುವುದಿಲ್ಲ. ಹೆಸರಿಲ್ಲದೆಯೂ ಜನನ ನೋಂದಣಿಯಾಗುತ್ತದೆ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ತೊಟ್ಟಿಲಿನ ಹೆಸರು ಒಂದು, ಕಾಗದದ ಹೆಸರು ಇನ್ನೊಂದು ಇದ್ದರೆ ತಪ್ಪೇನು? ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ, ಬೈಲಹೊಂಗಲದ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ.

ಶಹಾಪುರ, ಬೆಳಗಾವಿ:
ಬರೀ ನೀಲಾ ಎಂದಿಟ್ಟುಬಿಡಿ. ಮರಾಠಿಗೂ ಆಯಿತು, ಕನ್ನಡಕ್ಕೂ ಆಯಿತು.

ನಿವೃತ್ತ ಕನ್ನಡ ಮಾಸ್ತರ, ಮುಧೋಳ:
ಅವ್ವನನ್ನು ಹೊರಗೆ ಕಳುಹಿಸಿ ಬಣ್ಣವನ್ನು ಮಾತ್ರ ಇಟ್ಟುಕೊಂಡ ಹಾಗಾಯಿತು. ಅಕ್ಕನವರ ಪ್ರಶ್ನೆಗೆ ನನ್ನಲ್ಲೂ ಉತ್ತರವಿಲ್ಲ. ನನ್ನ ಮೊಮ್ಮಗನ ಹೆಸರು ವಿಹಾನ್.

ನವನಗರದ ಅಪ್ಪ, ಬಾಗಲಕೋಟೆ:
ಎಲ್ಲವನ್ನೂ ಹೆಂಡತಿಗೆ ಓದಿ ಹೇಳಿದೆ. ಸಂಧಿಯ ಪಾಠಕ್ಕೆ ಅವಳು ಒಲಿಯಲಿಲ್ಲ. ತಂಗಡಗಿಯ ಕಥೆಯನ್ನು ಮಾತ್ರ ಎರಡು ಸಲ ಓದಿಸಿಕೊಂಡಳು. ‘ಗಂಡ ಕರೆದರೂ ಹೋಗಲಿಲ್ಲವೇ?’ ಎಂದು ಕೇಳಿ, ಕಾಗದದಲ್ಲಿ ನೀಲಾಂಬಿಕಾ ಎಂದಿರಲಿ, ಮನೆಯಲ್ಲಿ ನೀವು ಬೇಕಾದ ಹಾಗೆ ಕರೆಯಿರಿ ಎಂದಳು. ಬೈಲಹೊಂಗಲದ ಅಕ್ಕಾ, ನನ್ನ ಅಜ್ಜನ ಹೆಸರು ಕಲ್ಲಪ್ಪ. ಮಗನಿಗೆ ಇಡುತ್ತಿರಲಿಲ್ಲ, ಒಪ್ಪಿಕೊಂಡೆ.

ಓಡಿ ಹೋಗಿ ಅವ್ವನಿಗೆ ಹೇಳಿದೆ: ಒಮ್ಮೆ ಮೊಮ್ಮಗಳನ್ನು ಹೆಸರು ಹಿಡಿದು ಕರೆಯವ್ವಾ ಎಂದೆ. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ‘ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುತ್ತಾಳೆಯೇ? ನೀವು ಕರೆಯಿರಿ. ನಾನು ಕೂಸೇ ಎನ್ನುತ್ತೇನೆ.’