ರೋಲ್ ಅರ್ಧಕ್ಕ ನಿಲ್ತದ, ಬ್ಲೇಡ್ ಮುಳುಗ್ತದ: ಏನ್ ಮಾಡ್ಬೇಕ್ರೀ?

ಹುಬ್ಬಳ್ಳಿ_ಕಯಾಕ್:
ಕಯಾಕ್ ರೋಲ್, ಅಂದ್ರ ಮಗಚಿದ ದೋಣಿನ ಒಳಗ ಕೂತಲ್ಲೇ ಪ್ಯಾಡಲ್ (ಹುಟ್ಟು) ಹಿಡಿದು ನೆಟ್ಟಗ ಮಾಡೂದು, ಕಲಿಯಾಕತ್ತೀನ್ರೀ. ನಂದು ಬಲಗೈ ಸ್ವೀಪ್ ರೋಲ್: ಬಲ ಬ್ಲೇಡ್ (ಪ್ಯಾಡಲಿನ ಚಪ್ಪಟೆ ತುದಿ) ನೀರಿನ ಮ್ಯಾಲೆ ಬೀಸಿ ಏಳೂದು. ಡೆಕ್ (ದೋಣಿಯ ಮ್ಯಾಲಿನ ಭಾಗ) ಮುಚ್ಚಿದ ಪ್ಲಾಸ್ಟಿಕ್ ಕಯಾಕ್, ಸ್ಪ್ರೇ ಸ್ಕರ್ಟ್ (ಒಳಗ ನೀರು ಬರದಂಗ ಸೊಂಟದ ಸುತ್ತ ಹಾಕೂ ಹೊದಿಕೆ) ಅದ. ಬಾಯಿ ನೀರಿನ ಮಟ್ಟಕ್ಕ ಬರೂದ್ರಾಗ ದೋಣಿ ಮತ್ತ ಮಗಚ್ತದ, ಬಲ ಬ್ಲೇಡ್ ಆಳಕ್ಕ ಇಳೀತದ. ತೋಳಿನ ಶಕ್ತಿ ಸಾಲವಲ್ದೇನ್ರೀ?

ವರದಾ_ದಂಡೆ:
ತೋಳಿನ ಮಾತೇ ಅಲ್ರೀ ಇದು. ತಲಿ ಮೊದಲು ಎತ್ತಾಕತ್ತೀರಿ. ಉಸಿರಿಗಂತ ತಲಿ ಎತ್ತಿದ ಕೂಡ್ಲೆ ಎಡ ಮೊಣಕಾಲು ಡೆಕ್ಕಿಗೆ ಒತ್ತತದ, ಆ ಒತ್ತಡನ ದೋಣಿನ ವಾಪಸ್ ಹೊರಳಿಸ್ತದ. ಆಮ್ಯಾಲೆ ಮೈಭಾರ ಎಲ್ಲಾ ಪ್ಯಾಡಲ್ ಮ್ಯಾಲೆ. ಬ್ಲೇಡ್ ಮುಳುಗದ ಇನ್ನೇನು ಮಾಡ್ತದ?

ಪ್ಯಾಡಲ್ ದೋಣಿಯ ಎಡ ಮಗ್ಗಲಿಗೆ, ಉದ್ದಕ್ಕ. ಬಲ ಬ್ಲೇಡ್ ದೋಣಿಯ ಮೂತಿ (ಮುಂದಿನ ತುದಿ) ಕಡೆ. ಮುಂದಕ್ಕ ಬಾಗಿ ಎಡಕ್ಕ ಮಗಚ್ರಿ. ಪೂರಾ ತಲೆಕೆಳಗಾಗೂ ತನಕ ತಡೀರಿ, ಎರಡೂ ಕೈ ನೀರಿನಿಂದ ಹೊರಗ ಗಾಳಿ ಮುಟ್ಟಬೇಕು. ಅವಸರ ಮಾಡಿದ್ರ ಬ್ಲೇಡ್ ಒಳಗಿಂದನ ಶುರು ಆಗ್ತದ. ಆಮ್ಯಾಲೆ ಬಲ ಬ್ಲೇಡ್ ನೀರಿನ ಮ್ಯಾಲೇ ಹೊರಗ ಕಮಾನಿನಂಗ ತರ್ರಿ, ಅದರ ಜೋಡಿನ ಬಲ ಮೊಣಕಾಲು ಮ್ಯಾಲಕ್ಕ ಎಳೀರಿ, ಎಡಗಾಲು ಸಡಿಲ. ಬಲಗಿವಿ ಬಲ ಭುಜಕ್ಕ ಹತ್ತಿರಲಿ, ಕಣ್ಣು ಬ್ಲೇಡಿನ ಮ್ಯಾಲೆ. ದೋಣಿ, ಮೈ, ಕಡೀಕ ತಲಿ.

ಪ್ಯಾಡಲ್ ಇಲ್ಲದ ಇದನ್ನ ಕಲೀರಿ: ಈಜುಕೊಳದ ಅಂಚು ಎರಡೂ ಕೈಲೆ ಹಿಡಿದು, ಕೆನ್ನಿ ಕೈ ಮ್ಯಾಲೆ ಇಟ್ಟು, ಮೊಣಕಾಲಿಂದನ ದೋಣಿ ಹೊರಳಿಸ್ರಿ. ಕೈಗೆ ಭಾರ ಬಿತ್ತಂದ್ರ ತಪ್ಪು.

ಧಾರವಾಡ_ನೀರಾಟ:
ಮೇಲಿನದು ಸರಿ, ಆದ್ರ ದೋಣಿನೂ ನೋಡ್ರಿ. ಕುಂಡಿಯ ಎರಡೂ ಮಗ್ಗಲಿಗೆ ಸಂದು ಇದ್ರ ಮೊಣಕಾಲು ಎಳೆದದ್ದು ದೋಣಿಗೆ ಮುಟ್ಟೂದಿಲ್ಲ. ಫೋಮ್ ತುಂಡು ಅಂಟಿಸ್ರಿ. ಆದ್ರ ತುರುಕಿ ಕೂರಬ್ಯಾಡ್ರಿ, ಸ್ಕರ್ಟ್ ಬಿಚ್ಚಿದ ಮ್ಯಾಲೆ ಸಲೀಸಾಗಿ ಜಾರಿ ಬರಬೇಕು. ಸ್ವೀಪ್ ಮಾಡೂವಾಗ ಬ್ಲೇಡಿನ ಮುಂದಿನ ಅಂಚು ತುಸು ಮ್ಯಾಲೆ ಇರ್ಲಿ. ಎಡ ಮೊಣಕೈ ಮೈಗೆ ಹತ್ತಿರ ಇಡ್ರಿ, ಎಡಗೈ ಮ್ಯಾಲಕ್ಕ ಗುದ್ದಿದ್ರ ಬಲ ಬ್ಲೇಡ್ ಕೆಳಗ ಹೋಗ್ತದ.

ಹುಬ್ಬಳ್ಳಿ_ಕಯಾಕ್:
ತಲಿ ತಡೆದು ಮಾಡಿದ್ರ ಫರಕ್ ಗೊತ್ತಾಗ್ತದ್ರೀ. ರೋಲ್ ಆಗಲೇ ಇಲ್ಲಂದ್ರ? ಉಣಕಲ್ ಕೆರ್‍ಯಾಗ ಮಾಡಬಹುದೇನು?

ವರದಾ_ದಂಡೆ:
ರೋಲಿಗಿಂತ ಮೊದಲು ಹೊರಬರೂದು ಪಕ್ಕಾ ಆಗ್ಲಿ. ಸ್ಕರ್ಟಿನ ಮುಂದಿನ ಪಟ್ಟಿ ಯಾವಾಗ್ಲೂ ಹೊರಗ ಇರಬೇಕು. ಮುಂದಕ್ಕ ಬಾಗಿ, ಪಟ್ಟಿ ಮುಂದಕ್ಕ ದೂಡಿ ಮ್ಯಾಲಕ್ಕ ಎಳೆದು, ಕೂರೂ ಕುಳಿಯ ಅಂಚಿಗೆ ಕೈ ಊರಿ ಸೊಂಟದಿಂದ ಜಾರ್ರಿ. ಹಿಂದಕ್ಕ ವಾಲಿದ್ರ ತೊಡಿ ಸಿಗಬೀಳ್ತಾವ.

ನೀರು ತುಂಬಿದ ದೋಣಿ ಎತ್ತಾಕ ಹೋಗಬ್ಯಾಡ್ರಿ, ನೂರು ಲೀಟರ್ ಅಂದ್ರ ನೂರು ಕಿಲೋ. ಜೊತೆಗಾರ ತನ್ನ ದೋಣಿ ಅಡ್ಡ ನಿಲ್ಲಿಸಿ, ಮಗಚಿದ ದೋಣಿಯ ಮೂತಿ ತನ್ನ ಡೆಕ್ ಮ್ಯಾಲೆ ಎಳೆದುಕೊಂಡ್ರ ನೀರು ಸುರೀತದ. ಆಮ್ಯಾಲೆ ನೆಟ್ಟಗ ಮಾಡಿ, ಎರಡೂ ದೋಣಿ ಸಮಾನಾಂತರ ಹಿಡೀಲಿ. ನೀವು ಹಿಂದಿನ ಡೆಕ್ ಮ್ಯಾಲೆ ಹೊಟ್ಟಿ ಹಾಕಿ, ಕಾಲು ಮೊದಲು ಒಳಗ ಬಿಡ್ರಿ.

ಧಾರವಾಡ_ನೀರಾಟ:
ಅಂತರಗಂಗೆ ಬೆಳೆದ ಕೆರ್‍ಯಾಗ ಬ್ಯಾಡ್ರಿ, ಉಣಕಲ್ ಆಗ್ಲಿ ಮತ್ತೊಂದಾಗ್ಲಿ: ಬೇರು ಪ್ಯಾಡಲಿಗೆ ಸುತ್ಕೊಂತಾವ, ಕೊಳಚಿ ನೀರು ಮೂಗಿಗೆ ಏರ್ತದ. ಎಲ್ಲೇ ಇರ್ಲಿ, ನೋಸ್ ಕ್ಲಿಪ್ ಹಾಕ್ರಿ. ಎದೆಮಟ್ಟದ ತಿಳಿನೀರು, ಪಕ್ಕದಾಗ ನಿಂತು ಮೂತಿ ಹಿಡಿಯಾಕ ಒಬ್ರು. ಮಳಿಗಾಲದ ವರದಾ, ತುಂಗಭದ್ರಾ ಕಡೆ ಈ ಪಾಠಕ್ಕ ಹೋಗಲೇಬ್ಯಾಡ್ರಿ. ಬಾಡಿಗಿಗೆ ಸಿಗೂ ತೆರೆದ ಕಯಾಕ್ ಆದ್ರ ತೊಡಿಗೆ ಬೆಲ್ಟ್ ಇಲ್ಲದ ರೋಲ್ ಆಗೂದಿಲ್ಲ. ಅದನ್ನ ನೆಟ್ಟಗ ಮಾಡಿ, ಕಾಲು ಬಡಿದು ಅಡ್ಡ ಹತ್ತೂದಷ್ಟ.