ಬಾರ್ಸೆಲೋನಾದ ಗೂಳಿಕಾಳಗದ ಕಣ ಮಾಲ್ ಆದದ್ದು ನಿಷೇಧದಿಂದಲೇ?

ಪ್ರಶ್ನೆ:
ಕಳೆದ ತಿಂಗಳು ಬಾರ್ಸೆಲೋನಾಕ್ಕೆ ಹೋಗಿದ್ದಾಗ ಪ್ಲಾಸಾ ಎಸ್ಪಾನ್ಯಾ ವೃತ್ತದ ಪಕ್ಕದಲ್ಲಿ ಕೆಂಪು ಇಟ್ಟಿಗೆಯ, ಕುದುರೆಲಾಳದ ಆಕಾರದ ಕಮಾನುಗಳುಳ್ಳ ದುಂಡನೆಯ ಕಟ್ಟಡವೊಂದನ್ನು ಕಂಡೆವು. ಹೊರಗಿನಿಂದ ಕೋಟೆಯಂತಿರುವ ಅದರ ಒಳಗೆ ಹೋದರೆ ಎಸ್ಕಲೇಟರ್, ಬಟ್ಟೆಯಂಗಡಿ, ಸಿನಿಮಾ ಮಂದಿರ! ಇದು ಲಾಸ್ ಅರೆನಾಸ್ ಎಂಬ ಹಳೆಯ ಗೂಳಿಕಾಳಗದ ಕಣವೆಂದೂ, ಬಾರ್ಸೆಲೋನಾ ಇರುವ ಕತಲೋನ್ಯಾ ಪ್ರಾಂತದಲ್ಲಿ ಕಾಳಗವನ್ನು ನಿಷೇಧಿಸಿದ ಮೇಲೆ ಮಾಲ್ ಆಯಿತೆಂದೂ ಜೊತೆಯಲ್ಲಿದ್ದವರು ಹೇಳಿದರು. ಇದು ನಿಜವೇ? ಹಳೆಯ ಗೋಡೆ ನೆಲಕ್ಕೆ ತಾಗದೆ ಓರೆ ಕಂಬಗಳ ಮೇಲೆ ನಿಂತಿರುವುದೇಕೆ ಎಂಬುದನ್ನೂ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ವಾಸ್ತುಶಿಲ್ಪಿ ಆಗುಸ್ತ್ ಫೊಂತ್ ಇ ಕಾರೆರಾಸ್ ವಿನ್ಯಾಸಗೊಳಿಸಿದ ಲಾಸ್ ಅರೆನಾಸ್ 1900ರ ಜೂನ್ 29ರಂದು ಆರಂಭವಾಯಿತು. ಅಲ್ಲಿ ಕೊನೆಯ ಕಾಳಗ ನಡೆದದ್ದು 1977ರ ಜೂನ್‌ನಲ್ಲಿ. ನಿಷೇಧಕ್ಕೆ ಕತಲೋನ್ಯಾದ ಪ್ರಾಂತೀಯ ಸಂಸತ್ತು ಒಪ್ಪಿಗೆ ಕೊಟ್ಟದ್ದು 2010ರ ಜುಲೈ 28ರಂದು, 68 ಮತಗಳು ಪರ ಮತ್ತು 55 ವಿರುದ್ಧ. ಅದು ಜಾರಿಗೆ ಬಂದದ್ದು 2012ರ ಜನವರಿ 1ರಂದು. ಮಾಲ್ ಬಾಗಿಲು ತೆರೆದದ್ದು ಇವೆರಡರ ನಡುವೆ, 2011ರ ಮಾರ್ಚ್‌ನಲ್ಲಿ. ಅಂದರೆ ಜನ ಈ ಮಾಲಿನಲ್ಲಿ ಚಪ್ಪಲಿ ಕೊಳ್ಳುತ್ತಿದ್ದ ಆ ಬೇಸಿಗೆಯಲ್ಲಿ, ಇದೇ ಗ್ರಾನ್ ವಿಯಾ ರಸ್ತೆಯಲ್ಲಿ ಮೂರು-ನಾಲ್ಕು ಕಿಲೋಮೀಟರ್ ಮುಂದಿರುವ ಮೊನುಮೆಂತಾಲ್ ಕಣದಲ್ಲಿ ಗೂಳಿಗಳು ಇನ್ನೂ ಸಾಯುತ್ತಿದ್ದವು. ಲಾಸ್ ಅರೆನಾಸನ್ನು ಮುಚ್ಚಿಸಿದ್ದು ಕಾನೂನಲ್ಲ. ದೊಡ್ಡದಾದ ಇನ್ನೊಂದು ಕಣವಿದ್ದ ಊರಿನಲ್ಲಿ ಇದಕ್ಕೆ ನೋಡುಗರು ಸಾಲಲಿಲ್ಲವೆಂಬುದೇ ನನ್ನ ಅಭಿಪ್ರಾಯ.

ಉತ್ತರ 2:
ಗೋಡೆಯ ಬಗ್ಗೆ ಹೇಳುತ್ತೇನೆ. ಕಣವನ್ನು ಕಟ್ಟಿದಾಗ ಅದು ನೆಲಮಟ್ಟದಲ್ಲೇ ಇತ್ತು. ನಂತರ, 1929ರ ಅಂತಾರಾಷ್ಟ್ರೀಯ ವಸ್ತುಪ್ರದರ್ಶನದ ಕಾಲಕ್ಕೆ ಸುತ್ತಲಿನ ರಸ್ತೆಗಳನ್ನು ತಗ್ಗಿಸಿದ್ದರಿಂದ ಕಟ್ಟಡ ದಿಬ್ಬದ ಮೇಲೆ ಉಳಿದು, ಮೆಟ್ಟಿಲು ಹತ್ತಿ ಒಳಗೆ ಹೋಗಬೇಕಾಯಿತು. ಮಾಲಿನ ಕೆಲಸ ವಹಿಸಿಕೊಂಡ ಬ್ರಿಟಿಷ್ ವಾಸ್ತುಶಿಲ್ಪಿ ರಿಚರ್ಡ್ ರಾಜರ್ಸ್ ಅವರ ತಂಡ ಹೊರಗೋಡೆಯನ್ನು ಮಾತ್ರ ಉಳಿಸಿಕೊಂಡು, ಅದನ್ನು ಆಸರೆಯ ಮೇಲೆ ಹೊರಿಸಿ, ಅಡಿಯ ಮಣ್ಣನ್ನು ತೆಗೆಸಿ, ರಸ್ತೆಯಿಂದ ನೇರವಾಗಿ ಒಳಗೆ ನಡೆದು ಹೋಗುವಂತೆ ಮಾಡಿತು. ನೀವು ಕಂಡ ಓರೆ ಕಂಬಗಳು ಆ ಭಾರವನ್ನೇ ಹೊತ್ತಿವೆ. ಮೇಲಿನ ಗುಮ್ಮಟ 76 ಮೀಟರ್ ಅಗಲವಿದೆ. ಕೆಲಸ ಅಚ್ಚುಕಟ್ಟಾಗಿದೆ, ಒಪ್ಪುತ್ತೇನೆ. ಆದರೆ ಮರಳಿನ ಕಣವಾಗಲಿ, ಮೆಟ್ಟಿಲುಸಾಲಿನ ಆಸನಗಳಾಗಲಿ ಒಂದೂ ಉಳಿಯದ ಮೇಲೆ ಇದನ್ನು ಸಂರಕ್ಷಣೆ ಎನ್ನಲು ನನಗೆ ಮನಸ್ಸು ಬಾರದು.

ಉತ್ತರ 3:
ಲಾಸ್ ಅರೆನಾಸ್, ಮೊನುಮೆಂತಾಲ್ ಎರಡಕ್ಕೂ ಮೊದಲು ನಗರದ ಬಾರ್ಸೆಲೋನೆಟಾ ಬಡಾವಣೆಯಲ್ಲಿ 1834ರಲ್ಲಿ ಕಟ್ಟಿದ ಎಲ್ ತೊರಿನ್ ಎಂಬ ಕಣವಿತ್ತು. ಅದರ ಕಥೆಯೇ ಎಲ್ಲಕ್ಕಿಂತ ಸ್ವಾರಸ್ಯಕರ. 1835ರ ಜುಲೈ 25ರಂದು ಅಲ್ಲಿ ಬಿಟ್ಟ ಗೂಳಿಗಳು ಸಪ್ಪೆಯಾಗಿದ್ದವೆಂದು ರೇಗಿದ ಜನ ಆಸನಗಳನ್ನು ಮುರಿದು, ಸತ್ತ ಗೂಳಿಯೊಂದಕ್ಕೆ ಹಗ್ಗ ಕಟ್ಟಿ ಬೀದಿಯುದ್ದಕ್ಕೂ ಎಳೆದುಕೊಂಡು ಹೋದರು. ರಾತ್ರಿಯಾಗುವಷ್ಟರಲ್ಲಿ ನಗರದ ಮಠಗಳು ಹೊತ್ತಿ ಉರಿಯುತ್ತಿದ್ದವು. ಗೂಳಿ ನೆಪಮಾತ್ರ, ಪಾದ್ರಿಗಳ ಮೇಲಿನ ರಾಜಕೀಯ ಸಿಟ್ಟು ಅದಾಗಲೇ ಕುದಿಯುತ್ತಿತ್ತು. ಆ ಬಳಿಕ 1850ರವರೆಗೆ ನಗರದಲ್ಲಿ ಕಾಳಗವೇ ನಡೆಯಲಿಲ್ಲ. ಪ್ರವಾಸಿಗರು ಹಣ್ಣಿನ ರಸ ಕುಡಿಯಲು ಮುಗಿಬೀಳುವ ಬೊಕೆರಿಯಾ ಮಾರುಕಟ್ಟೆ ಎದ್ದದ್ದು, ಅಂದು ಸುಟ್ಟುಹೋದ ಸಂತ ಜೋಸೆಫರ ಮಠದ ಜಾಗದಲ್ಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಬೊಕೆರಿಯಾದಲ್ಲಿ ನಾವೂ ರಸ ಕುಡಿದೆವು. ಈ ಸಂಗತಿ ಗೊತ್ತಿರಲಿಲ್ಲ. ಮೊನುಮೆಂತಾಲ್ ಈಗ ಏನಾಗಿದೆ? ನಿಷೇಧ ಇನ್ನೂ ಇದೆಯೇ?

ಉತ್ತರ 1:
ಕಾಗದದ ಮೇಲೆ ಇಲ್ಲ. ಗೂಳಿಕಾಳಗ ಇಡೀ ದೇಶದ ಸಾಂಸ್ಕೃತಿಕ ಪರಂಪರೆಗೆ ಸೇರಿದ್ದು, ಅದನ್ನು ನಿಷೇಧಿಸುವ ಅಧಿಕಾರ ಪ್ರಾಂತೀಯ ಸಂಸತ್ತಿಗಿಲ್ಲವೆಂದು ಸ್ಪೇನಿನ ಸಾಂವಿಧಾನಿಕ ನ್ಯಾಯಾಲಯ 2016ರ ಅಕ್ಟೋಬರ್‌ನಲ್ಲಿ ಆ ಕಾನೂನನ್ನು ರದ್ದುಪಡಿಸಿತು. ಹಾಗಿದ್ದರೂ ಹೋಸೆ ತೊಮಾಸ್, ಹುವಾನ್ ಮೋರಾ, ಸೆರಾಫಿನ್ ಮರೀನ್ ಎಂಬ ಗೂಳಿಕಾಳಗಗಾರರು 2011ರ ಸೆಪ್ಟೆಂಬರ್ 25ರಂದು ಮೊನುಮೆಂತಾಲ್‌ನಲ್ಲಿ ಆಡಿದ ಮೇಲೆ ಅಲ್ಲಿ ಮತ್ತೆ ಗೂಳಿ ಇಳಿದಿಲ್ಲ. 1914ರಲ್ಲಿ ಆರಂಭವಾಗಿ, 1916ರಲ್ಲಿ ಹಿಗ್ಗಿಸಲ್ಪಟ್ಟು ಈ ಹೆಸರು ಪಡೆದ ಆ ಕಣದಲ್ಲಿ ಈಗ ಸಂಗೀತ ಕಛೇರಿಗಳು ನಡೆಯುತ್ತವೆ; 1965ರಲ್ಲಿ ಬೀಟಲ್ಸ್ ತಂಡವೂ ಅಲ್ಲಿ ಹಾಡಿತ್ತು. ಮುಂದೆ ಹೋದಾಗ ಹೊರಗಿನಿಂದಾದರೂ ನೋಡಿ: ಇಟ್ಟಿಗೆಯ ಗೋಪುರಗಳ ನೆತ್ತಿಯಲ್ಲಿ ನೀಲಿ-ಬಿಳಿ ಹೆಂಚಿನ ದೊಡ್ಡ ಮೊಟ್ಟೆಗಳು ಕುಳಿತಿವೆ.