ದೊಡ್ಡ ರಷ್ಯನ್ ಕಾದಂಬರಿ ಯಾವುದರಿಂದ ಶುರು ಮಾಡಲಿ? ಓದಿದವರು ಅನುಭವ ಹೇಳಿ

ಬಸ್ ಓದುಗ:
ನಮಸ್ಕಾರ. ಹುಬ್ಬಳ್ಳಿ–ಧಾರವಾಡ ದಿನಾ ಓಡಾಡುತ್ತೇನೆ. ಹೋಗುವಾಗ ಸೀಟು ಸಿಗುತ್ತದೆ, ಬರುವಾಗ ಗ್ಯಾರಂಟಿ ಇಲ್ಲ. ಕಾಲೇಜಿನಲ್ಲಿ ಚೆಕಾವ್ ಕಥೆ ಓದಿದ್ದು ಬಿಟ್ಟರೆ ರಷ್ಯನ್ ಸಾಹಿತ್ಯ ಗೊತ್ತಿಲ್ಲ. ಒಂದಾದರೂ ದೊಡ್ಡ ಕಾದಂಬರಿ ಮುಗಿಸಬೇಕು ಅಂತ ಹಟ ಬಂದಿದೆ. ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ' ಮೊದಲು ಓದಲಾ, ದಾಸ್ತೊಯೆವ್‌ಸ್ಕಿಯ 'ಕರಮಜೋವ್ ಸಹೋದರರು' ಮೊದಲು ಓದಲಾ? ಕನ್ನಡದಲ್ಲಾ, ಇಂಗ್ಲಿಷ್‌ನಲ್ಲಾ? ನಿಂತುಕೊಂಡೂ ಓದುವಂತಿದ್ದರೆ ಒಳ್ಳೇದು.

ಕಾಫಿ ತೋಟ:
ಎರಡೂ ಬೇಡ. ಟಾಲ್‌ಸ್ಟಾಯ್ ಅವರದ್ದೇ 'ಅನ್ನಾ ಕರೆನಿನಾ' ಹಿಡಿಯಿರಿ. ಅನ್ನಾಳಿಗಾಗಿ ಅಲ್ಲ, ಹಳ್ಳಿಯಲ್ಲಿ ಬೇಸಾಯ ಮಾಡಿಸುವ ಲೆವಿನ್‌ಗಾಗಿ. ಎರಡನೇ ಭಾಗದಲ್ಲಿ ಅನ್ನಾಳ ಅಣ್ಣ ಒಬ್ಲಾನ್‌ಸ್ಕಿ ತನ್ನ ಹೆಂಡತಿ ಕಡೆಯ ಕಾಡನ್ನು ರ್ಯಾಬಿನಿನ್ ಅನ್ನುವ ವ್ಯಾಪಾರಿಗೆ ಮಾರುತ್ತಾನೆ. 38,000 ರೂಬಲ್. 8,000 ಕೈಗೆ, ಮಿಕ್ಕದ್ದು ಆರು ವರ್ಷದಲ್ಲಿ. ಭಾರಿ ರೇಟು ಕುದುರಿಸಿದೆ ಅಂತ ಬೀಗುತ್ತಾನೆ. ಲೆವಿನ್ ಕೇಳುವುದು ಒಂದೇ ಮಾತು: ಮರ ಎಣಿಸಿದೆಯಾ? ಅವನು ನಕ್ಕು ಕವಿತೆ ಹೇಳುತ್ತಾನೆ. ಎಣಿಸದೆ ಕೊಳ್ಳುವ ವ್ಯಾಪಾರಿ ಎಲ್ಲೂ ಇಲ್ಲ, ಅವನಿಗೆ 30,000 ಪುಕ್ಕಟೆ ಕೊಟ್ಟೆ ಅಂತ ಲೆವಿನ್ ಉರಿದುಕೊಳ್ಳುತ್ತಾನೆ.

ನಮ್ಮ ದೊಡ್ಡಪ್ಪ ಸಿಲ್ವರ್ ಓಕ್ ಮಾರಿದ್ದು ಹೀಗೇ. ವ್ಯಾಪಾರಿ ಜೀಪಿನಿಂದ ಇಳಿಯಲೂ ಇಲ್ಲ. ಒಟ್ಟಿಗೆ ಇಷ್ಟು ಅಂದ, ಇವರು ಆಗಲಿ ಅಂದರು. ಅವನ ಹುಡುಗ ಹಿಂದಿನ ವಾರವೇ ಬಂದು ಒಂದೊಂದು ಮರದ ಸುತ್ತಳತೆ ಬರೆದುಕೊಂಡು ಹೋಗಿದ್ದ ಅನ್ನುವುದು ಆಮೇಲೆ ಆಳುಗಳಿಂದ ಗೊತ್ತಾಯಿತು. ಕಡಿಯುವ ಕೂಲಿ ಅವನದ್ದು ಅಂತ ಮಾತಾಗಿತ್ತು, ಅರ್ಧ ನಮ್ಮ ತಲೆಗೆ ಬಂತು. ಮೆಣಸಿನ ಬಳ್ಳಿ ಹಬ್ಬಿದ್ದ ಮರಗಳನ್ನೂ ಉರುಳಿಸಿದರು. ಆ ಬಳ್ಳಿ ಫಸಲಿಗೆ ಬರೋಕೆ ಎಷ್ಟು ವರ್ಷ ಅಂತ ಬೆಳೆದವರಿಗೆ ಗೊತ್ತು. ಮರ ಬಿದ್ದ ಕಡೆ ಕಾಫಿ ಗಿಡ ನೆಲಸಮ. ಲಾರಿ ಹೋಗೋಕೆ ಬೇಲಿ ಕಿತ್ತರು, ಅದನ್ನು ಮತ್ತೆ ಹಾಕಿಸಿದ್ದೂ ನಾವೇ. ಕೊನೇ ಕಂತು ಇವತ್ತಿಗೂ ಬಂದಿಲ್ಲ, ದೊಡ್ಡಪ್ಪನೇ ತೀರಿಕೊಂಡರು. ಆ ಅಧ್ಯಾಯ ಓದುವಾಗ ನನಗೆ ಮೈ ಉರಿಯುತ್ತದೆ. ಟಾಲ್‌ಸ್ಟಾಯ್‌ಗೆ ಜಮೀನಿನ ವ್ಯವಹಾರ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ರಾತ್ರಿ ಪಾಳಿ:
ಲೆವಿನ್ ಒಬ್ಬ ಜಮೀನ್ದಾರ ಸ್ವಾಮಿ. ಒಂದು ದಿನ ರೈತರ ಜೊತೆ ಹುಲ್ಲು ಕೊಯ್ದು, ಮುದುಕನ ಬ್ರೆಡ್ ಹಂಚಿಕೊಂಡು ತಿಂದು, ದೇವರನ್ನು ಕಂಡಷ್ಟು ಖುಷಿಪಟ್ಟು ಸಂಜೆ ದೊಡ್ಡ ಮನೆಗೆ ಹೋಗಿ ಮಲಗುತ್ತಾನೆ. ಮಾರನೇ ದಿನವೂ ಕೊಯ್ಯುವವರು ಯಾರು?

ಪ್ರಶ್ನೆಗೆ ಉತ್ತರ: ದಾಸ್ತೊಯೆವ್‌ಸ್ಕಿ. ಮಾತೇ ಇಲ್ಲ. ನಾನು ಕರಮಜೋವ್ ಓದಿದ್ದು ರಾತ್ರಿ ಡ್ಯೂಟಿಯಲ್ಲಿ. ಮೊದಲು ಕೊಂಡ ಇಂಗ್ಲಿಷ್ ಪ್ರತಿ ಅಗ್ಗದ್ದು. ಅಕ್ಷರ ಸಾಸಿವೆಯಷ್ಟು, ಅಂಟು ಒಣಗಿ ಝೊಸಿಮಾ ಸ್ವಾಮಿಗಳ ಉಪದೇಶ ಪೂರ್ತಿ ಕೈಗೆ ಬಂತು. ಫೆವಿಕಾಲ್ ಹಾಕಿದೆ, ಪುಟಗಳು ಒಂದಕ್ಕೊಂದು ಮೆತ್ತಿಕೊಂಡವು. ಎರಡನೇ ಪ್ರತಿ ದಪ್ಪ ರಟ್ಟಿನದ್ದು, ಅರ್ಧ ಸಂಬಳ ಅದಕ್ಕೇ ಅಂತ ಮನೆಯಲ್ಲಿ ಜಗಳ. ಅದನ್ನು ರೂಮ್‌ಮೇಟ್ ತೆಗೆದುಕೊಂಡು ಹೋದ. ಅವನು ಓದಲೂ ಇಲ್ಲ, ವಾಪಸ್ ಕೊಡಲೂ ಇಲ್ಲ, ಮದುವೆಗೆ ಕರೆಯಲೂ ಇಲ್ಲ. ಮೂರನೇದನ್ನು ಯಾರಿಗೂ ಮುಟ್ಟಿಸುವುದಿಲ್ಲ.

ಹೆಸರುಗಳ ಕಾಟ ಬೇರೆ. ದ್ಮಿತ್ರಿಯೇ ಮಿತ್ಯಾ, ಅಲೆಕ್ಸೇಯೇ ಅಲ್ಯೋಶಾ, ಅಗ್ರಫೆನಾಳೇ ಗ್ರುಶೆಂಕಾ. ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಂಡೆ. ಆದರೆ ಐದನೇ ಪುಸ್ತಕದಲ್ಲಿ ಇವಾನ್ ಹೋಟೆಲಿನಲ್ಲಿ ಕೂತು ತಮ್ಮ ಅಲ್ಯೋಶಾನಿಗೆ ಮಕ್ಕಳ ನೋವಿನ ಲೆಕ್ಕ ಹೇಳುತ್ತಾನಲ್ಲ, ಅಂಥ ಸ್ವರ್ಗದ ಟಿಕೆಟ್ ನನಗೆ ಬೇಡ, ವಾಪಸ್ ತಗೊಳ್ಳಿ ಅನ್ನುತ್ತಾನಲ್ಲ, ಅದಾದ ಮೇಲೆ ನಿಮ್ಮ ಕಾಡು, ಮರ, ರೇಟು ಯಾವುದೂ ರುಚಿಸುವುದಿಲ್ಲ.

ಕಾಫಿ ತೋಟ:
ರುಚಿಸುವುದಿಲ್ಲ ಅಂದರೆ ಬೇಡ ಬಿಡಿ. ನಿಮ್ಮ ದಾಸ್ತೊಯೆವ್‌ಸ್ಕಿಯಲ್ಲಿ ಒಬ್ಬನಾದರೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾನಾ? ಎಲ್ಲರೂ ಕೂಗಾಡುವವರೇ.

ನಿವೃತ್ತ ಗುಮಾಸ್ತ:
ಹೋಗುತ್ತಾನೆ, ಆದರೆ ಗೊಗೊಲ್‌ನಲ್ಲಿ. ದೊಡ್ಡದು ಯಾಕೆ ಬೇಕು ರೀ? 1842ರ 'ಓವರ್‌ಕೋಟು' ಒಂದೇ ಸಾಕು. ಸರ್ಕಾರಿ ನೌಕರಿ ಮಾಡಿದವರು ಅದನ್ನು ಓದದೆ ಸಾಯಬಾರದು. ಅಕಾಕಿ ಅಕಾಕಿಯೆವಿಚ್‌ಗೆ ವರ್ಷಕ್ಕೆ 400 ರೂಬಲ್ ಸಂಬಳ. ಹಳೇ ಕೋಟು ತೇಪೆಗೂ ಬಗ್ಗುವುದಿಲ್ಲ. ದರ್ಜಿ ಪೆತ್ರೋವಿಚ್ ಹೊಸದಕ್ಕೆ 150 ಅನ್ನುತ್ತಾನೆ. 80ಕ್ಕೆ ಬರುತ್ತಾನೆ ಅಂತ ಇವನಿಗೆ ಗೊತ್ತು. ಖರ್ಚು ಮಾಡಿದ ಪ್ರತಿ ರೂಬಲ್‌ಗೂ ಒಂದೊಂದು ಚೂರು ಕಾಸು ಡಬ್ಬಿಗೆ ಹಾಕಿ 40 ಕೂಡಿಟ್ಟಿರುತ್ತಾನೆ. ಇನ್ನು 40 ಎಲ್ಲಿಂದ? ಸಂಜೆ ಟೀ ಬಿಡುತ್ತಾನೆ. ಮೇಣದ ಬತ್ತಿ ಹಚ್ಚುವುದಿಲ್ಲ, ಕೆಲಸ ಇದ್ದರೆ ಮನೆಯೊಡತಿಯ ಕೋಣೆಗೆ ಹೋಗಿ ಅವಳ ಬೆಳಕಿನಲ್ಲಿ ಕೂರುತ್ತಾನೆ. ಬೂಟಿನ ಅಟ್ಟೆ ಸವೆಯಬಾರದು ಅಂತ ಕಲ್ಲಿನ ಮೇಲೆ ತುದಿಗಾಲಲ್ಲಿ ನಡೆಯುತ್ತಾನೆ. ಸಾಹೇಬರು ಬೋನಸ್ 40 ಕೊಟ್ಟಾರು ಅಂದುಕೊಂಡರೆ 60 ಬರುತ್ತದೆ. ಹೊಲಿಗೆ ಕೂಲಿ 12. ಕಾಲರಿಗೆ ಮಾರ್ಟೆನ್ ಅನ್ನುವ ಪ್ರಾಣಿಯ ತುಪ್ಪಳ ದುಬಾರಿ, ಅಂಗಡಿಯಲ್ಲಿ ಸಿಕ್ಕ ಒಳ್ಳೇ ಬೆಕ್ಕಿನ ತುಪ್ಪಳ ಹಾಕಿಸುತ್ತಾನೆ. ದೂರದಿಂದ ನೋಡಿದರೆ ಅದೇ ಅನ್ನಿಸುತ್ತದೆ. ಮೊದಲ ದಿನ ರಾತ್ರಿಯೇ ಕಳ್ಳರು ಕಿತ್ತುಕೊಂಡು ಹೋಗುತ್ತಾರೆ.

ಆಮೇಲೆ ದೂರು ಕೊಡೋಕೆ 'ದೊಡ್ಡ ಮನುಷ್ಯ'ನ ಹತ್ತಿರ ಹೋಗುತ್ತಾನೆ. ಆ ದೊಡ್ಡ ಮನುಷ್ಯ ಬೈಯುವ ರೀತಿ ಇದೆಯಲ್ಲ, ಅದೇ ದನಿಯಲ್ಲಿ ನನ್ನ ಪಿಂಚಣಿ ಕಡತ ವಾಪಸ್ ಬಂದಿತ್ತು. ಸೇವಾ ಪುಸ್ತಕದಲ್ಲಿ ಒಂದು ಸಹಿ ಇಲ್ಲ. ಸಹಿ ಹಾಕಬೇಕಾದವರು ವರ್ಗ ಆಗಿದ್ದರು. ಅವರ ಊರಿಗೆ ಬಸ್ ಚಾರ್ಜು, ಊಟ, ಲಾಡ್ಜು, ಒಂದು ಪೊಟ್ಟಣ ಧಾರವಾಡ ಪೇಡಾ ಎಲ್ಲಾ ನನ್ನದೇ. ಅವರು ರಜೆಯಲ್ಲಿದ್ದರು. ಇನ್ನೊಂದು ಸಲ ಹೋದೆ. ಪೇಡಾನೂ ಇನ್ನೊಂದು ಸಲ.

ಹಿಂದೆ ಮಾಸ್ಕೋದ ಪ್ರಗತಿ, ರಾದುಗಾ ಪ್ರಕಾಶನದ ಪುಸ್ತಕಗಳು ನವಕರ್ನಾಟಕ ಪುಸ್ತಕದಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತಿದ್ದವು. ಸೋವಿಯತ್ ಒಕ್ಕೂಟ 1991ರಲ್ಲಿ ಮುಳುಗಿದ ಮೇಲೆ ಅದೂ ನಿಂತಿತು. ಈಗಿನ ರೇಟು ಕೇಳಿದರೆ ಅಕಾಕಿ ಡಬ್ಬಿಯೇ ಬೇಕು.

ತುಂಗೆ ದಂಡೆ:
ನಾನು ಹೇಳುವುದು ಟಾಲ್‌ಸ್ಟಾಯ್ ಅವರದ್ದೇ 'ಇವಾನ್ ಇಲಿಚ್‌ನ ಸಾವು', 1886ರದ್ದು. ತೆಳ್ಳಗಿದೆ. ಅಪ್ಪನನ್ನು ನೋಡಿಕೊಳ್ಳುವಾಗ ಓದಿದೆ. ಕೋರ್ಟಿನ ದೊಡ್ಡ ಅಧಿಕಾರಿ, ಹೊಸ ಮನೆಯ ಪರದೆ ಹೀಗೆ ಹಾಕು ಅಂತ ತೋರಿಸೋಕೆ ಏಣಿ ಹತ್ತಿ ಜಾರುತ್ತಾನೆ. ಪಕ್ಕೆಗೆ ಕಿಟಕಿ ಹಿಡಿ ತಾಗುತ್ತದೆ. ಅಷ್ಟೇ, ಅಲ್ಲಿಂದ ಶುರು. ಡಾಕ್ಟರು ಕಿಡ್ನಿಯೋ ಅಪೆಂಡಿಕ್ಸೋ ಅಂತ ಚರ್ಚೆ ಮಾಡುತ್ತಾರೆ. ಇವನಿಗೆ ಬೇಕಾದ್ದು ಒಂದೇ ಉತ್ತರ: ಬದುಕುತ್ತೀನಾ ಇಲ್ಲವಾ? ಅದನ್ನು ಯಾರೂ ಹೇಳುವುದಿಲ್ಲ.

ನಮಗೂ ಹೇಳಲಿಲ್ಲ. ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್, ಇನ್ನೊಂದರಲ್ಲಿ ಅದೇ ಸ್ಕ್ಯಾನ್ ಮತ್ತೆ, ಏಕೆಂದರೆ ಹೊರಗಿನ ರಿಪೋರ್ಟ್ ನಡೆಯಲ್ಲ. ಸ್ವಲ್ಪ ಸುಧಾರಿಸಿದೆ ಅನ್ನುತ್ತಲೇ ಬಿಲ್ಲು ಕೊಡುತ್ತಿದ್ದರು. ಮನೆಗೆ ಬಂದ ನೆಂಟರೂ ಅದೇ ಸುಳ್ಳು. ಕಾದಂಬರಿಯಲ್ಲಿ ಸುಳ್ಳು ಹೇಳದವನು ಒಬ್ಬನೇ, ಗೆರಾಸಿಮ್ ಅನ್ನುವ ಆಳು. ರಾತ್ರಿಯಿಡೀ ಯಜಮಾನನ ಕಾಲನ್ನು ಹೆಗಲ ಮೇಲೆ ಹೊತ್ತು ಕೂರುತ್ತಾನೆ, ಹಾಗೆ ಇಟ್ಟರೆ ನೋವು ಕಡಿಮೆ ಅಂತ. ನಾನು ದಿಂಬು ಪೇರಿಸಿ ಅಪ್ಪನ ಕಾಲು ಎತ್ತರಕ್ಕೆ ಇಟ್ಟೆ. ನಿಜಕ್ಕೂ ನಿದ್ದೆ ಮಾಡಿದರು.

ರಾತ್ರಿ ಪಾಳಿ:
ಅಕ್ಕ, ನಿಮ್ಮದು ಓದಿ ಸುಮ್ನಾದೆ. ಆದರೆ ಅವರು ಕೇಳಿದ್ದು ದೊಡ್ಡ ಕಾದಂಬರಿ.

ತುಂಗೆ ದಂಡೆ:
ಮೊದಲು ಜಗಳ ಶುರು ಮಾಡಿದ್ದು ನೀವು. ನನಗೆ ಪುಟ ಎಣಿಸಲು ಹೇಳಬೇಡಿ.

ಪೂರ್ತಿ ಓದಿದವ:
ಇಲ್ಲಿ ಯಾರೂ 'ಯುದ್ಧ ಮತ್ತು ಶಾಂತಿ' ಮುಗಿಸಿಲ್ಲ ಅಂತ ಕಾಣುತ್ತದೆ. ನಾನು ಮುಗಿಸಿದ್ದೇನೆ. ಎರಡನೇ ಉಪಸಂಹಾರವನ್ನೂ ಬಿಡದೆ. ಕನ್ನಡದಲ್ಲೇ ದೇಜಗೌ ಅವರ ಅನುವಾದ ಇದೆ, ಓ.ಎಲ್. ನಾಗಭೂಷಣಸ್ವಾಮಿ ಅವರದ್ದಿದೆ, ನೆಪ ಹೇಳಬೇಡಿ.

ಕಥೆ ಶುರುವಾಗುವ 1805ರ ಪಾರ್ಟಿಯಲ್ಲಿ ಮೊದಲ ನೂರು ಪುಟ ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯದೆ ಒದ್ದಾಡಿದೆ. ಬಲಗೈ ಹೆಬ್ಬೆರಳು ಊದಿಕೊಂಡಿತು, ಅಷ್ಟು ಭಾರ. ಮಲಗಿ ಓದಿದರೆ ಮೂಗಿನ ಮೇಲೆ ಬೀಳುತ್ತದೆ. ಆದರೆ ನಿಕೊಲಾಯ್ ರೊಸ್ತೋವ್ ಇಸ್ಪೀಟಿನಲ್ಲಿ ಸೋಲುವ ರಾತ್ರಿ ಓದಿ. ಎದುರು ಆಡುವ ದೊಲೊಖೋವ್ ಸಾಲ 43,000 ರೂಬಲ್ ತಲುಪುವ ತನಕ ಆಟ ನಿಲ್ಲಿಸುವುದಿಲ್ಲ. ಯಾಕೆ 43? ಅವನ ವಯಸ್ಸು, ಅವನನ್ನು ಬೇಡ ಅಂದ ಸೋನ್ಯಾಳ ವಯಸ್ಸು ಕೂಡಿದರೆ ಅಷ್ಟು. ನಿಕೊಲಾಯ್ ದೊಲೊಖೋವ್‌ನ ಕೈಯನ್ನೇ ನೋಡುತ್ತಾ ಕೂರುತ್ತಾನೆ, ಆ ಕೆಂಪಗಿನ ಕೈ. ಮನೆಗೆ ಬಂದರೆ ತಂಗಿ ನತಾಶಾ ಹಾಡುತ್ತಿರುತ್ತಾಳೆ. ಸಾಲ, ಮಾನ ಎಲ್ಲಾ ಒಂದು ಗಳಿಗೆ ಮರೆಯುತ್ತಾನೆ. ನನ್ನ ತಮ್ಮ ಆನ್‌ಲೈನ್ ರಮ್ಮಿಯಲ್ಲಿ ಬೈಕು ಕಳೆದುಕೊಂಡು ಬಂದ ರಾತ್ರಿ ನಮ್ಮನೆಯಲ್ಲಿ ಯಾರೂ ಹಾಡುತ್ತಿರಲಿಲ್ಲ. ಬಾಕಿ ಎಲ್ಲಾ ಹಾಗೇ. ಬೈಕಿನ ಸಾಲ ಮಾತ್ರ ನಾನೇ ಕಟ್ಟುತ್ತಿದ್ದೇನೆ.

ಕಾಫಿ ತೋಟ:
ಎರಡನೇ ಉಪಸಂಹಾರ ಓದಿದ್ದು ಹೆಮ್ಮೆಯ ವಿಷಯಾನಾ? ಅಲ್ಲಿ ಕಥೆಯೇ ಇಲ್ಲ, ಬರೀ ಚರಿತ್ರೆಯ ಪಾಠ. 1873ರ ಆವೃತ್ತಿಗೆ ಟಾಲ್‌ಸ್ಟಾಯ್ ಅವರೇ ಆ ತತ್ವದ ಭಾಗಗಳನ್ನು ಕಿತ್ತು ಹಿಂದೆ ಹಾಕಿದರು, ಫ್ರೆಂಚ್ ಮಾತುಗಳನ್ನೂ ತೆಗೆದರು. ಬರೆದವರೇ ಬೇಡ ಅಂದದ್ದನ್ನು ನೀವು ಯಾಕೆ ಹೊರುತ್ತೀರಿ?

ಪೂರ್ತಿ ಓದಿದವ:
ಮುಂದೆ ಅದೆಲ್ಲಾ ಮತ್ತೆ ಸೇರಿತು, ಅದನ್ನೂ ಹೇಳಿ. ಅರ್ಧ ಓದಿದವರು ಅರ್ಧವೇ ಹೇಳುತ್ತಾರೆ.

ಬಸ್ ಓದುಗ:
ಎಲ್ಲರಿಗೂ ಧನ್ಯವಾದ. ಭಾರದ ವಿಷಯ ಹೇಳಿದ್ದು ಒಳ್ಳೇದಾಯಿತು. ಮೊಬೈಲ್‌ನಲ್ಲಿ ಓದಿದರೆ ನಡೆಯುತ್ತದಾ?

ನಿವೃತ್ತ ಗುಮಾಸ್ತ:
ಮೊಬೈಲ್‌ನಲ್ಲಿ ಓದುವುದು ಓದಾ?

ರಾತ್ರಿ ಪಾಳಿ:
ಯಾಕೆ ಆಗಬಾರದು? 'ಅಪರಾಧ ಮತ್ತು ಶಿಕ್ಷೆ' ನಾನು ಮೊಬೈಲ್‌ನಲ್ಲೇ ಮುಗಿಸಿದ್ದು. ಬಸ್ಸಿಗೆ ಅದೇ ಸರಿ. ರಾಸ್ಕೋಲ್ನಿಕೋವ್ ಮನೆಯಿಂದ ಅವನು ಕೊಲ್ಲುವ ಗಿರವಿ ಮುದುಕಿಯ ಮನೆಗೆ 730 ಹೆಜ್ಜೆ, ಅವನು ಎಣಿಸಿಟ್ಟಿರುತ್ತಾನೆ. ಕೊಂದು ತಂದ ಪರ್ಸನ್ನು ಮಾತ್ರ ಬಿಚ್ಚಿ ನೋಡುವುದಿಲ್ಲ, ಹಾಗೇ ಕಲ್ಲಿನಡಿ ಹೂತುಬಿಡುತ್ತಾನೆ.

ನಿವೃತ್ತ ಗುಮಾಸ್ತ:
ಅದರಲ್ಲಿ 317 ರೂಬಲ್ ಇತ್ತು, ಜೊತೆಗೆ ಇಪ್ಪತ್ತು ಕೊಪೆಕ್‌ನ ಮೂರು ನಾಣ್ಯ. ಆ ದುಡ್ಡಿಗೆ ಅಕಾಕಿಗೆ ಮೂರು ಕೋಟು ಹೊಲಿಸಿ ಇನ್ನೂ ಉಳಿಯುತ್ತಿತ್ತು. ನಿಮ್ಮ ದಾಸ್ತೊಯೆವ್‌ಸ್ಕಿಗೆ ಲೆಕ್ಕ ಸರಿಯಾಗಿ ಬರುತ್ತಿತ್ತು, ಅದು ಒಪ್ಪುತ್ತೇನೆ. ಕರಮಜೋವ್‌ನಲ್ಲಿ ಮಿತ್ಯಾ 3,000 ಕುಡಿದು ಹಾಳು ಮಾಡಿದ ಅಂತ ಇಡೀ ಊರು ಹೇಳುತ್ತದೆ. ಅವನೂ ಹಾಗೇ ಕೊಚ್ಚಿಕೊಳ್ಳುತ್ತಾನೆ. ನಿಜಕ್ಕೂ ಖರ್ಚಾದದ್ದು 1,500. ಇನ್ನರ್ಧ ಬಟ್ಟೆಯಲ್ಲಿ ಹೊಲಿದು ಕುತ್ತಿಗೆಗೆ ಕಟ್ಟಿಕೊಂಡಿದ್ದ.

ಪೂರ್ತಿ ಓದಿದವ:
ಅದು ಅವನು ಹೇಳಿದ ಕಥೆ. ಕೊಲೆಯಾದ ಅಪ್ಪನ ಲಕೋಟೆಯಲ್ಲಿದ್ದ ಇನ್ನೊಂದು 3,000 ಎಲ್ಲಿ ಹೋಯಿತು ಹಾಗಾದರೆ?

ನಿವೃತ್ತ ಗುಮಾಸ್ತ:
ಅದನ್ನು ತೆಗೆದದ್ದು ಮನೆಯ ಅಡುಗೆಯವ ಸ್ಮೆರ್ದ್ಯಾಕೋವ್. ಕೊಂದದ್ದೂ ಅವನೇ. ಕೊನೆಗೆ ನೋಟುಗಳನ್ನು ಇವಾನ್‌ನ ಮುಂದೆ ಇಡುತ್ತಾನಲ್ಲ. ನೀವು ಕರಮಜೋವ್ ಪೂರ್ತಿ ಓದಿಲ್ಲ ಅಂತಾಯಿತು.

ರಾತ್ರಿ ಪಾಳಿ:
ಸರ್!! ಕೇಳಿದವರು ಇನ್ನೂ ಓದಬೇಕು. ಕೊಲೆಗಾರ ಯಾರು ಅಂತ ಹೇಳಿಬಿಟ್ಟಿರಲ್ಲ!

ನಿವೃತ್ತ ಗುಮಾಸ್ತ:
1880ರಲ್ಲಿ ಮುಗಿದ ಕಾದಂಬರಿ. ಇನ್ನೂ ಎಷ್ಟು ವರ್ಷ ಗುಟ್ಟಾಗಿ ಇಡಬೇಕು?

ಕಾಫಿ ತೋಟ:
ಸರಿಯಾಗಿ ಹೇಳಿದಿರಿ. ಅನ್ನಾ ರೈಲಿನಡಿ ಬೀಳುವುದು ಎಲ್ಲರಿಗೂ ಗೊತ್ತು, ಆದರೂ ಓದುತ್ತಾರೆ.

ಬಸ್ ಓದುಗ:
ನನಗೆ ಗೊತ್ತಿರಲಿಲ್ಲ.

ಪೂರ್ತಿ ಓದಿದವ:
ಈಗ ಉಳಿದದ್ದು 'ಯುದ್ಧ ಮತ್ತು ಶಾಂತಿ' ಒಂದೇ. ಬನ್ನಿ, ಅದರಲ್ಲಿ ನೆಪೋಲಿಯನ್ ಸೋಲುತ್ತಾನೆ ಅಂತ ನಾನಂತೂ ಹೇಳುವುದಿಲ್ಲ.

ತುಂಗೆ ದಂಡೆ:
ಇವಾನ್ ಇಲಿಚ್ ಸತ್ತ ಸುದ್ದಿ ಮೊದಲ ಪುಟದಲ್ಲೇ ಇದೆ. ಅದನ್ನು ಯಾರಿಗೂ ಹಾಳು ಮಾಡೋಕೆ ಆಗಲ್ಲ.